ನಿನ್ನಷ್ಟೇ ವಯಸ್ಸಿನ ಮೀನು

ಜಿಗಣೆ ಅಂದರೆ ನಮ್ಮ ಮಲೆನಾಡಿನವರಿಗೆ ಉಪ್ಪು, ಸುಣ್ಣ, ಹೊಗೆಸೊಪ್ಪು ನೆನಪಾಗುತ್ತವೆ. ನಾನು ಮಾತ್ರ ಕೆನಡಾದಲ್ಲಿ ಕುಳಿತು ಕೈಯಾರೆ ಜಿಗಣೆ ತಯಾರಿಸುತ್ತೇನೆ! ಉದ್ದನೆಯ ಗಾಳಕ್ಕೆ ಕಪ್ಪು ನೂಲು ಸುತ್ತಿ, ಬಾಲಕ್ಕೆ ಟರ್ಕಿ ಕೋಳಿಯ ಮೆತ್ತನೆಯ ಗರಿ ಕಟ್ಟಿದರೆ ಆಯಿತು. ಒಣಗಿದ್ದಾಗ ಅದು ಪಾತ್ರೆ ತಿಕ್ಕುವ ತೆಂಗಿನ ಜುಂಗಿನಂತಿರುತ್ತದೆ. ನೀರಿಗೆ ಬಿದ್ದರೆ ಥೇಟ್ ಜಿಗಣೆಯಂತೆ ಬಳುಕುತ್ತದೆ.

ಇಷ್ಟೆಲ್ಲ ಮಾಡುವುದು ಲೇಕ್ ಟ್ರೌಟ್ ಎಂಬ ಮೀನಿಗಾಗಿ. ಅದಕ್ಕೆ ತಣ್ಣೀರೇ ಬೇಕು. 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿದ್ದರೆ ಹಿತ. ಬೇಸಿಗೆಯಲ್ಲಿ ಸರೋವರದ ಆಳಕ್ಕೆ ಇಳಿದುಬಿಡುತ್ತದೆ. ಆದರೆ ಒಂಟಾರಿಯೋ ಪ್ರಾಂತ್ಯದ ಅಲ್ಗಾನ್‌ಕ್ವಿನ್ ಉದ್ಯಾನದಲ್ಲಿ ಏಪ್ರಿಲ್ ಕೊನೆಗೋ ಮೇ ಮೊದಲಿಗೋ ಮಂಜುಗಡ್ಡೆ ಕರಗಿದ ಮೇಲೆ ಕೆಲವು ವಾರ ದಡದ ಹತ್ತಿರವೇ ಮೇಯುತ್ತದೆ. ನಮ್ಮಂಥವರಿಗೆ ಅದೇ ಸುಗ್ಗಿ.

ಈ ಗರಿಯ ಗಾಳಕ್ಕೆ ಹೆಚ್ಚು ತೂಕವಿಲ್ಲ. ತೂಕವಿರುವುದು ದಪ್ಪ ದಾರಕ್ಕೆ. ಕೋಲನ್ನು ಹಿಂದೆ ಮುಂದೆ ಬೀಸಿದಾಗ ದಾರವೇ ಗಾಳವನ್ನು ಹೊತ್ತೊಯ್ಯುತ್ತದೆ. ಆಮೇಲೆ ಅದು ಮುಳುಗುವ ತನಕ ಕಾಯಬೇಕು. ದಾರವನ್ನು ಅರ್ಧ ಗೇಣು ಎಳೆದು, ನಿಲ್ಲಿಸಿ, ಮತ್ತೆ ಎಳೆಯಬೇಕು. ಜಿಗಣೆ ಎಲ್ಲಾದರೂ ಓಡುತ್ತದೆಯೇ? ಓಡಿದರೆ ಮೀನಿಗೆ ಅನುಮಾನ ಬರುತ್ತದೆ.

ಕಳೆದ ಮೇ ತಿಂಗಳಲ್ಲಿ ನನ್ನ 11 ವರ್ಷದ ಮಗಳಿಗೆ ಮೊದಲ ಮೀನು ಸಿಕ್ಕಿತು. ಮೊಳದುದ್ದ, ಬೂದು ಮೈ, ಮೈತುಂಬ ಬಿಳಿ ಚುಕ್ಕೆ, ಕವಲೊಡೆದ ಬಾಲ. ಊರಿನಿಂದ ಬಂದಿದ್ದ ಅಮ್ಮ ಡೇರೆಯ ಮುಂದೆ ಮಸಾಲೆ ಕಲಸಿಟ್ಟು ಕಾಯುತ್ತಿದ್ದರು. ನಿಯಮದ ಪ್ರಕಾರ ಮೀನನ್ನು ಇಟ್ಟುಕೊಳ್ಳಬಹುದಿತ್ತು.

“ಅಪ್ಪಾ, ಇದಕ್ಕೆಷ್ಟು ವಯಸ್ಸು?” ಎಂದಳು.

“ನಿನ್ನಷ್ಟೇ ಇರಬಹುದು.”

ಹೌದು, ಈ ಮೀನು ಬೆಳೆಯುವುದು ಬಲು ನಿಧಾನ. ಮೊಟ್ಟೆಯಿಡುವಷ್ಟು ದೊಡ್ಡದಾಗಲು ಆರೇಳು ವರ್ಷವಾದರೂ ಬೇಕು. ಕೆಲವು 40 ವರ್ಷ ದಾಟಿ ಬದುಕುತ್ತವೆ. ಒಂದು ಕಡಿಮೆಯಾದರೆ ಆ ಜಾಗ ತುಂಬಲು ವರ್ಷಗಳೇ ಹಿಡಿಯುತ್ತವೆ.

ಮಗಳು ಡೇರೆಯ ಕಡೆ ನೋಡಿದಳು, ಮೀನಿನ ಕಡೆ ನೋಡಿದಳು. “ಬಿಡೋಣ” ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡೇ. ಗಾಳದ ಹಿಂಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿದ್ದೆವು, ಹಾಗಾಗಿ ಅದು ಸಲೀಸಾಗಿ ಕಳಚಿತು. ಒದ್ದೆ ಕೈಯಲ್ಲಿ ಮೀನನ್ನು ನೀರಿನೊಳಗೇ ಹಿಡಿದಳು. ಅದು ಒಮ್ಮೆ ಬಾಲ ಬಡಿದು ಹೊರಟೇಹೋಯಿತು.

ಬರಿಗೈಲಿ ಹೋದ ನಮ್ಮನ್ನು ಅಮ್ಮ ಬೈಯಬಹುದೆಂದುಕೊಂಡಿದ್ದೆ. ಕಥೆಯೆಲ್ಲ ಕೇಳಿ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡರು.

“ಒಳ್ಳೇದೇ ಮಾಡಿದೆ ಪುಟ್ಟಿ. ನಮ್ಮೂರಲ್ಲಿ ಮೊದಲ ಮಳೆಗೆ ಹತ್ತುಮೀನು ಹಳ್ಳದಿಂದ ಗದ್ದೆಗೆ ಏರಿ ಬರ್ತಿದ್ವು. ಮೊಟ್ಟೆ ಇಡೋಕೆ ಬಂದವನ್ನೇ ಬುಟ್ಟಿಗಟ್ಟಲೆ ಹಿಡಿದು ತಿಂದ್ವಿ. ಈಗ ಆ ಹಳ್ಳದಲ್ಲಿ ಮೀನು ಹುಡುಕಬೇಕು.”

ಆ ರಾತ್ರಿ ಮಸಾಲೆ ಆಲೂಗಡ್ಡೆಗೆ ಹೋಯಿತು. ಮಗಳು ಎರಡು ಸಲ ಬಡಿಸಿಕೊಂಡಳು.