ಪೆಟ್ಟಿಗೆಯಲ್ಲೇ ಉಳಿದ ಪಟ್ಟಿ

ಆರ್‌ಸಿ ಒಬ್ಬನ ಹೆಸರಲ್ಲಿದೆ, ಕಂತು ಮಾತ್ರ ಮೂವರ ಜೇಬಿನಿಂದ ಹೋಗುತ್ತದೆ. ನಮ್ಮ ಕಾರಿನ ಪರಿಚಯ ಇಷ್ಟೇ. ಹಳೇ ಡೀಸೆಲ್ ಸ್ವಿಫ್ಟ್. ನಮ್ಮ ಕೈಗೆ ಬರುವಾಗಲೇ ಲಕ್ಷ ಕಿಲೋಮೀಟರ್ ದಾಟಿತ್ತು. ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ಸ್ಟ್ರಿಂಗರ್‌ಗಳಾದ ನಾವು ಮೂವರು ಗೆಳೆಯರು ಬೇರೆ ಬೇರೆ ಪತ್ರಿಕೆಗೆ ಬರೆಯುತ್ತೇವೆ, ಆದರೆ ಸುತ್ತುವುದು ಒಂದೇ ರಸ್ತೆಗಳನ್ನು: ಹೊಸಪೇಟೆ, ಸಂಡೂರು, ತೋರಣಗಲ್ಲು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹೊಸಪೇಟೆ ಅತ್ತ ಹೋಯಿತು, ಸಂಡೂರು ಬಳ್ಳಾರಿಯಲ್ಲೇ ಉಳಿಯಿತು. ಜಿಲ್ಲೆ ಎರಡಾದವು, ಧೂಳು ಒಂದೇ ಆಗಿ ಉಳಿಯಿತು.

ಆ ಧೂಳಿನ ಬಗ್ಗೆ ನಾವು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಅದಿರು ಲಾರಿ ಹೋದ ಮೇಲೆ ಕೆಂಪಾಗುವ ಬೇಲಿ, ಕೆಂಪಾಗುವ ಜೋಳದ ತೆನೆ, ಹೋಟೆಲಿನ ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಮಿರ್ಚಿ ಕರಿಯುವುದು. ಅದೇ ಧೂಳು ನಮ್ಮದೇ ಕಾರಿನ ಬಾನೆಟ್ಟಿನ ಕೆಳಗೆ ಏನು ಮಾಡಬಹುದು ಅಂತ ಮಾತ್ರ ಒಮ್ಮೆಯೂ ಯೋಚಿಸಿರಲಿಲ್ಲ.

ಗುಡ್ಡದ ಏರಿನಲ್ಲಿ ಲಾರಿ ದಾಟುವಾಗ ನಮ್ಮ ಗಾಡಿಗೆ ಪಿಕಪ್ ಸಾಲುತ್ತಿರಲಿಲ್ಲ. ಫೋನಿನಲ್ಲಿ ವಿಡಿಯೊ ನೋಡಿದೆವು. ಕಂಪನಿಯ ಕಪ್ಪು ಏರ್ ಫಿಲ್ಟರ್ ಡಬ್ಬಿ ಕಿತ್ತು, ಶಂಕುವಿನಾಕಾರದ ಕೋನ್ ಫಿಲ್ಟರ್ ಹಾಕಿದರೆ ಇಂಜಿನ್ನಿಗೆ ಗಾಳಿ ಸಲೀಸಾಗಿ ಸಿಗುತ್ತದಂತೆ, ಗಾಡಿ ಹಾರುತ್ತದಂತೆ. ಎರಡೂವರೆ ಸಾವಿರ ಕೊಟ್ಟು ತರಿಸಿದೆವು. ಪೆಟ್ಟಿಗೆಯಲ್ಲಿ ಕೆಂಪು ಬಟ್ಟೆಯ ಫಿಲ್ಟರು, ಒಂದು ಅಲ್ಯೂಮಿನಿಯಂ ಪೈಪು, ಸಿಲಿಕಾನ್ ಹೋಸು ಎರಡು, ಕ್ಲಿಪ್ಪು ನಾಲ್ಕು, ಜೊತೆಗೆ ರಬ್ಬರ್ ಬುಷ್ ಇದ್ದ ಒಂದು ಕಬ್ಬಿಣದ ಎಲ್-ಪಟ್ಟಿ ಇದ್ದವು. ಪಟ್ಟಿ ಯಾವುದಕ್ಕೂ ಸರಿಯಾಗಿ ಕೂರುವಂತೆ ಕಾಣಲಿಲ್ಲ. 'ಬೇರೆ ಗಾಡಿದು ಇರಬೇಕು' ಅಂದುಕೊಂಡು ಪೆಟ್ಟಿಗೆಗೇ ವಾಪಸ್ ಹಾಕಿದೆವು.

ಭಾನುವಾರ ರೂಮಿನ ಮುಂದೆ ಕೆಲಸ ಶುರುವಾಯಿತು. ಬ್ಯಾಟರಿಯ ನೆಗೆಟಿವ್ ಬಿಚ್ಚಿದೆವು, ಅಷ್ಟು ಬುದ್ಧಿ ಇತ್ತು. ಹಳೇ ಡಬ್ಬಿಯನ್ನು ಎಳೆದು ಕೀಳುವ ಅವಸರದಲ್ಲಿ ಅದರ ಎರಡು ಕೊಂಡಿ ಮುರಿದವು. ಇಂಜಿನ್ನಿಗೆ ಎಷ್ಟು ಗಾಳಿ ಹೋಗುತ್ತಿದೆ ಅಂತ ಅಳೆಯುವ ಸೆನ್ಸರನ್ನು, ಬಾಣದ ಗುರುತು ಇಂಜಿನ್ ಕಡೆ ಇರುವಂತೆ ಹೊಸ ಫಿಲ್ಟರಿನ ಹಿಂದೆ ಕೂರಿಸಿದೆವು. ಅಲ್ಲಿಂದ ಟರ್ಬೊವರೆಗೆ ಪೈಪು. ಇಂಜಿನ್ನಿನ ಒಳಗಿನ ಆವಿ ಬರುವ ಸಣ್ಣ ಹೋಸನ್ನು ಆ ಪೈಪಿಗೆ ಸಿಕ್ಕಿಸಿದೆವು. ಕ್ಲಿಪ್ಪುಗಳನ್ನು ಕೈ ನೋಯುವವರೆಗೆ ಬಿಗಿ ಮಾಡಿದೆವು. ಫಿಲ್ಟರು ತೂಗಾಡುತ್ತಿತ್ತು. ಅದನ್ನು ಬ್ಯಾಟರಿ ಪಟ್ಟಿಗೆ ಎರಡು ಪ್ಲಾಸ್ಟಿಕ್ ಟೈ ಹಾಕಿ ಕಟ್ಟಿದೆವು. ಒಂದು ಟೈ ಗಿಡ್ಡವಾಯಿತು ಅಂತ ಬೈಂಡಿಂಗ್ ವೈರ್ ಸುತ್ತಿದೆವು.

ಗಾಡಿ ಸ್ಟಾರ್ಟ್ ಮಾಡಿದಾಗ ಬಂದ ಸದ್ದು! ಆಕ್ಸಿಲರೇಟರ್ ಒತ್ತಿದರೆ ಸುಂಯ್ ಅನ್ನುವ ಟರ್ಬೊ ಸೀಟಿ. ಪಿಕಪ್ ಹೆಚ್ಚಾಯಿತೋ ಇಲ್ಲವೋ, ಸದ್ದು ಹೆಚ್ಚಾಗಿದ್ದಕ್ಕೆ ನಮಗೆ ಹೆಚ್ಚಾದಂತೆ ಅನ್ನಿಸಿತು. ಮೂರು ವಾರ ಹಾಗೇ ಓಡಾಡಿದೆವು.

ನಾಲ್ಕನೇ ವಾರ ಸಂಡೂರು ಕಡೆಯ ಒಂದು ಹಳ್ಳಿಯಲ್ಲಿ ಗಣಿ ವಿಸ್ತರಣೆಯ ಸಾರ್ವಜನಿಕ ಅಹವಾಲು ಸಭೆ ಇತ್ತು. ಇಂಥ ಸಭೆ ಎಂಥದ್ದು ಅಂತ ಇಲ್ಲಿ ಬರೆಯುವ ಗೆಳೆಯರಿಗೆ ಹೇಳಬೇಕಾಗಿಲ್ಲ. 2006ರ ಪರಿಸರ ಅಧಿಸೂಚನೆಯ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸುತ್ತದೆ, 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಜಿಲ್ಲಾಧಿಕಾರಿ ಅಥವಾ ಅವರು ಕಳಿಸಿದ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ. ಊರಿನವರು ಮೈಕ್ ಹಿಡಿದು ಅಧಿಕಾರಿಗಳ ಎದುರೇ ಮಾತಾಡುವ ಅವಕಾಶ ಮತ್ತೆ ಮತ್ತೆ ಸಿಗುವಂಥದ್ದಲ್ಲ. ಆ ಊರಿನ ಅಜ್ಜ ಒಬ್ಬರು ಹಿಂದಿನ ವಾರವೇ ನಮಗೆ ಹೇಳಿದ್ದರು: "ಅವತ್ತು ನಾ ಮಾತಾಡ್ತೀನಿ. ನೀವು ಬರ್ಕೊಬೇಕ್ ನೋಡ್ರಪ್ಪ." ಬರ್ತೀವಜ್ಜ ಅಂತ ಮಾತು ಕೊಟ್ಟಿದ್ದೆವು.

ಊರು ಇನ್ನೂ ಒಂಬತ್ತು ಕಿಲೋಮೀಟರ್ ಇರುವಾಗ ಒಂದು ಹಂಪ್ ಹಾರಿದೆವು. ಪಟ್ ಅಂತ ಸದ್ದಾಯಿತು. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಲೈಟ್ ಹತ್ತಿತು. ಎಷ್ಟು ಒತ್ತಿದರೂ ಗಾಡಿ ಏರು ಏರಲಿಲ್ಲ. ಬಾನೆಟ್ ಎತ್ತಿದರೆ ಪೈಪು ಹೋಸಿನಿಂದ ಕಳಚಿ ಕೆಳಗೆ ಬಿದ್ದಿತ್ತು, ಟರ್ಬೊ ಬಾಯಿ ತೆರೆದುಕೊಂಡಿತ್ತು. ಪಕ್ಕದಲ್ಲೇ ಲಾರಿಗಳ ಸಾಲು ಧೂಳೆಬ್ಬಿಸುತ್ತಾ ಹೋಗುತ್ತಿತ್ತು. ಪೈಪನ್ನು ಮತ್ತೆ ಸಿಕ್ಕಿಸಿದರೆ ಮತ್ತೆ ಜಾರುತ್ತಿತ್ತು. ಕೊನೆಗೆ ಗಾಡಿಯನ್ನು ಅಲ್ಲೇ ಬಿಟ್ಟು, ಸಿಕ್ಕ ಟ್ರ್ಯಾಕ್ಟರ್ ಹತ್ತಿ ಹೋದೆವು. ನಾವು ಮುಟ್ಟಿದಾಗ ಶಾಮಿಯಾನ ಬಿಚ್ಚುತ್ತಿದ್ದರು.

ಅಜ್ಜ ಕಟ್ಟೆಯ ಮೇಲೆ ಕೂತಿದ್ದರು. "ಈಗ ಬಂದ್ರೇನಪ್ಪ?" ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಏನು ಮಾತಾಡಿದಿರಿ ಅಂತ ಕೇಳಿದ್ದಕ್ಕೆ "ಹೇಳೋದು ಹೇಳೇನಿ, ಇನ್ನೊಮ್ಮಿ ಏನ್ ಹೇಳ್ಲಿ" ಅಂದು ಎದ್ದು ಹೋದರು. ಅವರ ಮಾತು ಸರ್ಕಾರಿ ವಿಡಿಯೊದಲ್ಲಿ ಇದ್ದೀತು. ಮರುದಿನದ ನಮ್ಮ ಮೂರೂ ಪತ್ರಿಕೆಗಳಲ್ಲಿ ಮಾತ್ರ ಇರಲಿಲ್ಲ.

ಹೊಸಪೇಟೆಯ ನಮ್ಮ ಮೇಸ್ತ್ರಿ ಬಾನೆಟ್ಟಿನ ಒಳಗೆ ನೋಡಿ ಮೊದಲು ನಕ್ಕರು. "ಏನ್ರಿ ಸಾರ್, ಪ್ಲಾಸ್ಟಿಕ್ ಟೈ ಕಟ್ಟೀರಲ್ಲ, ಇದೇನ್ ಹೂವಿನ ಹಾರಾ?" ಆಮೇಲೆ ಟರ್ಬೊ ಬಾಯಿಯೊಳಗೆ ಬೆರಳು ಹಾಕಿ ತೆಗೆದಾಗ ನಗು ನಿಂತಿತು. ಬೆರಳು ಕೆಂಪಾಗಿತ್ತು. ಹಂಪ್ ಹಾರಿದ ದಿನದ ಧೂಳಷ್ಟೇ ಅಲ್ಲ ಅದು, ಎಣ್ಣೆಯ ಜೊತೆ ಕಲೆತು ಪದರವಾಗಿ ಕೂತಿತ್ತು. ಹೋಸಿನ ಕೆಳಬದಿಯಲ್ಲಿ, ನಮ್ಮ ಕಣ್ಣಿಗೆ ಬೀಳದ ಕಡೆ, ಮೊದಲಿನಿಂದಲೂ ಸಂದು ಇತ್ತು ಅಂತ ಆಗ ಗೊತ್ತಾಯಿತು.

ಮೇಸ್ತ್ರಿ ವಿವರಿಸಿದ್ದು ಹೀಗೆ. ಇಂಜಿನ್ನು ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ, ಸ್ಟಾರ್ಟ್ ಆದಾಗ, ಹಂಪ್ ಹಾರಿದಾಗ ಅತ್ತಿತ್ತ ಆಡುತ್ತದೆ. ಬ್ಯಾಟರಿ ಬಾಡಿಗೆ ಸೇರಿದ್ದು, ಅದು ಆಡುವುದಿಲ್ಲ. ನಾವು ಪೈಪಿನ ಒಂದು ತುದಿಯನ್ನು ಆಡುವುದಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಆಡದ್ದಕ್ಕೆ ಬಿಗಿದಿದ್ದೆವು. ಪ್ರತಿ ಹಂಪಿನಲ್ಲೂ ಜಗ್ಗಾಟ. ಸಾಲದ್ದಕ್ಕೆ ಆವಿಯ ಹೋಸಿನಿಂದ ಬರುವ ಎಣ್ಣೆಯ ಪಸೆ ಜೋಡಣೆಯವರೆಗೂ ಹರಡಿ ಜಾರುವಂತೆ ಮಾಡಿತ್ತು. ಸಂದಿನಿಂದ ಬಂದ ಗಾಳಿ ಸೆನ್ಸರ್ ದಾಟಿ ಬರುವುದಿಲ್ಲ. ಪೈಪು ಪೂರ್ತಿ ಕಳಚಿದಾಗ ಗಾಳಿಯೇ ಇಲ್ಲ ಅಂತ ಅದು ಹೇಳಿತು, ಕಂಪ್ಯೂಟರ್ ಡೀಸೆಲ್ ಕಡಿಮೆ ಮಾಡಿತು, ಗಾಡಿ ಸೋತಿತು.

"ಆ ಪಟ್ಟಿ ಎಲ್ಲೈತ್ರಿ? ಇದರ ಜೊತಿ ಬಂದಿರಬೇಕಲ್ಲ?" ಅಂತ ಅವರು ಕೇಳಿದಾಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅವತ್ತು ರಾತ್ರಿ ರೂಮಿನಲ್ಲಿ ಲೆಕ್ಕ ಹಾಕಿದೆವು. ನಮ್ಮದು 1,248 ಸಿಸಿ ಇಂಜಿನ್. ಎರಡು ಸುತ್ತಿಗೆ ಒಮ್ಮೆ ಅಷ್ಟು ಗಾಳಿ ಎಳೆಯುತ್ತದೆ. ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಸುಮಾರು 1,250 ಲೀಟರ್, ಟರ್ಬೊ ತುಂಬಿದರೆ ಇನ್ನೂ ಹೆಚ್ಚು. ಸುಮ್ಮನೆ ಕೂತ ಮನುಷ್ಯ ಎಳೆಯುವುದು ನಿಮಿಷಕ್ಕೆ ಆರರಿಂದ ಎಂಟು ಲೀಟರ್. ಅಂದರೆ ಆ ರಸ್ತೆಯ ಗಾಳಿಯನ್ನು ನಮ್ಮ ಕಾರು ಕಡಿಮೆಯೆಂದರೂ ನೂರೈವತ್ತು ಜನ ಉಸಿರಾಡುವಷ್ಟು ಉಸಿರಾಡುತ್ತದೆ. ಧೂಳಿನಲ್ಲಿರುವ ಗಟ್ಟಿ ಕಣಗಳು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೊ ರೆಕ್ಕೆಗೆ ಬಡಿಯುತ್ತವೆ, ಸಿಲಿಂಡರ್ ಗೋಡೆಯನ್ನು, ರಿಂಗುಗಳನ್ನು ಉಜ್ಜುತ್ತವೆ. ಉಜ್ಜಿ ಹೋದದ್ದು ಮತ್ತೆ ಬೆಳೆಯುವುದಿಲ್ಲ.

ಮೇಸ್ತ್ರಿ ಟರ್ಬೊ ಬಿಚ್ಚಿ ನೋಡಿದರು. ರೆಕ್ಕೆಯ ಅಂಚು ಸವೆದಿತ್ತು, ಆದರೆ ಶಾಫ್ಟು ಆಡುತ್ತಿರಲಿಲ್ಲ. "ಬದುಕೈತಿ" ಅಂದರು. ಹೊಸ ಟರ್ಬೊ ಅಂದಿದ್ದರೆ ನಮ್ಮ ಮೂವರ ಎಷ್ಟೋ ತಿಂಗಳ ಕಾಲಂ ದುಡ್ಡು ಅಲ್ಲಿಗೇ ಹೋಗುತ್ತಿತ್ತು. ಇಂಜಿನ್ ಮಾತ್ರ ಅಂದಿನಿಂದ ಎಣ್ಣೆ ಕುಡಿಯುವುದು ಕಲಿತಿದೆ. ಸಾವಿರ ಕಿಲೋಮೀಟರಿಗೊಮ್ಮೆ ಅರ್ಧ ಲೀಟರ್ ಹಾಕಬೇಕು.

ಹಳೇ ಡಬ್ಬಿಯ ಕೊಂಡಿ ಮುರಿದಿದ್ದರಿಂದ ಸದ್ಯಕ್ಕೆ ಕೋನನ್ನೇ ಸರಿಯಾಗಿ ಕೂರಿಸಿಕೊಟ್ಟರು. ನೋಡುತ್ತಾ ನೋಡುತ್ತಾ ಬರೆದುಕೊಂಡೆವು. ಪೈಪಿನ ಒಳಗೆಲ್ಲ ತೊಳೆದು ಒಣಗಿಸಿದರು. ಪೈಪಿನ ತುದಿ, ಹೋಸಿನ ಒಳಬದಿ ಎರಡನ್ನೂ ಎಣ್ಣೆ ಪಸೆ ಇಲ್ಲದಂತೆ ಒರೆಸಿದರು. ಪೈಪಿನ ತುದಿಯಲ್ಲಿ ಉಬ್ಬಿದ ಬಳೆ ಇರುತ್ತದೆ. ಹೋಸು ಅದನ್ನು ದಾಟಿ ಒಳಗೆ ಹೋಗಬೇಕು, ಕ್ಲಿಪ್ಪು ಬಳೆಯ ಆಚೆ ಕೂರಬೇಕು. ನಾವು ಬಳೆಯ ಮೇಲೆಯೇ ಬಿಗಿದಿದ್ದೆವು. ಕ್ಲಿಪ್ಪು ಅತಿಯಾಗಿ ಬಿಗಿಯಾದರೆ ಸಿಲಿಕಾನನ್ನೇ ಕೊಯ್ಯುತ್ತದೆ. ಎಲ್-ಪಟ್ಟಿಯನ್ನು ಸ್ವಲ್ಪ ಬಗ್ಗಿಸಿ, ಹಳೇ ಡಬ್ಬಿ ಕೂತಿದ್ದ ಬೋಲ್ಟಿಗೇ ರಬ್ಬರ್ ಬುಷ್ ಸಮೇತ ಬಿಗಿದರು. ಭಾರ ಪಟ್ಟಿಯ ಮೇಲೆ, ಆಟ ಬುಷ್ ಮತ್ತು ಹೋಸಿನ ಮೇಲೆ. ಸುತ್ತ ಎಲ್ಲಿಯೂ ತಾಗದಂತೆ ಒಂದು ಬೆರಳಿನ ಜಾಗ. ಬಿಸಿ ಗಾಳಿ ಎಳೆಯಬಾರದೆಂದು ಇಂಜಿನ್ ಕಡೆಗೆ ಒಂದು ತಗಡಿನ ಅಡ್ಡ. ಕೊನೆಗೆ ಕ್ಲಿಪ್ಪಿನ ಸ್ಕ್ರೂ ಮೇಲೆ ಬಿಳಿ ಪೇಂಟಿನ ಗೀಟು. ಗೀಟು ಸರಿದಿದ್ದರೆ ಸ್ಕ್ರೂ ಸಡಿಲವಾಗಿದೆ ಅಂತ ಅರ್ಥ.

ಸಂದು ಇದೆಯೋ ಇಲ್ಲವೋ ಪರೀಕ್ಷೆ ಹೇಗೆ? ಗಣಪತಿ ಫೋಟೊದ ಮುಂದಿದ್ದ ಊದುಬತ್ತಿ ತಂದರು. ಎಲ್ಲಿಯೂ ಡೀಸೆಲ್ ಸೋರುತ್ತಿಲ್ಲ ಅಂತ ನೋಡಿಕೊಂಡು, ಇಂಜಿನ್ ತಣ್ಣಗೆ ಓಡುವಾಗ ಒಂದೊಂದು ಜೋಡಣೆಯ ಹತ್ತಿರ ಹಿಡಿದರು. ಹೊಗೆ ನೆಟ್ಟಗೆ ಮೇಲೆ ಹೋದರೆ ಸರಿ, ಒಳಕ್ಕೆ ಬಾಗಿದರೆ ಸಂದು. ಕೆಲವರು ಇದಕ್ಕೆ ಸ್ಪ್ರೇ ಹೊಡೆಯುತ್ತಾರಂತೆ. ಡೀಸೆಲ್ ಗಾಡಿಗೆ ಅದನ್ನು ಮಾಡಲೇಬೇಡಿ ಅಂದರು. ಉರಿಯುವ ಸ್ಪ್ರೇ ಒಳಗೆ ಹೋದರೆ ಇಂಜಿನ್ ಕೈ ತಪ್ಪಿ ಓಡಬಹುದು.

"ಸಾರ್, ಫಿಲ್ಟರ್ ಎಷ್ಟ್ ಚಲೋದಿದ್ರೂ ಸಂದ್ ಇದ್ರ ಗಾಳಿ ಸಂದಿನಾಗೇ ಹೋಗ್ತೈತಿ. ಅದಕ್ಕ ಸುಲಭದ ದಾರಿ ಬೇಕು ನೋಡ್ರಿ" ಅಂದರು.

ಎರಡು ತಿಂಗಳ ನಂತರ ಬಳ್ಳಾರಿಯ ಗುಜರಿಯಲ್ಲಿ ಕೊಂಡಿ ಸರಿಯಿರುವ ಹಳೇ ಡಬ್ಬಿ ಸಿಕ್ಕಿತು. ಅದಿರಿನ ರಸ್ತೆಗೆ ಕಾಗದದ ಫಿಲ್ಟರಿನ ಮುಚ್ಚಿದ ಡಬ್ಬಿಯೇ ವಾಸಿ ಅಂತ ಮೇಸ್ತ್ರಿ ಮೊದಲೇ ಹೇಳಿದ್ದರು. ಹಾಕಿಸಿಕೊಂಡೆವು. ಪಿಕಪ್‌ನಲ್ಲಿ ವ್ಯತ್ಯಾಸ ಏನೂ ಕಾಣಲಿಲ್ಲ, ಸೀಟಿ ಮಾತ್ರ ನಿಂತಿತು. ಭಾನುವಾರಕ್ಕೊಮ್ಮೆ ಡಬ್ಬಿಯ ಹಿಂದಿನ ಹೋಸು ಬಿಚ್ಚಿ ಒಳಗೆ ಬಿಳಿ ಬಟ್ಟೆ ಆಡಿಸುತ್ತೇವೆ. ಬಟ್ಟೆ ಬಿಳಿಯಾಗಿ ಬಂದರೆ ಬಳೆ, ಕ್ಲಿಪ್ಪು ನೋಡಿ ಬಿಗಿ ಮಾಡಿ ಮುಚ್ಚುತ್ತೇವೆ.

ಆ ಹಳ್ಳಿಗೆ ಆಮೇಲೆ ಮೂರು ಸಲ ಹೋಗಿದ್ದೇವೆ. ಮೂರನೇ ಸಲ ಅಜ್ಜ ಮನೆಯೊಳಗೆ ಕರೆದು ಚಹಾ ಕೊಡಿಸಿದರು. ಚಹಾದ ಲೋಟಕ್ಕೆ ತಟ್ಟೆ ಮುಚ್ಚಿತ್ತು. ಇಲ್ಲಿ ಎಲ್ಲರ ಮನೆಯಲ್ಲೂ ಹಾಗೇ ಮುಚ್ಚುತ್ತಾರೆ. ಸಭೆಯಲ್ಲಿ ಆಡಿದ ಮಾತನ್ನು ಅವರು ಇನ್ನೂ ಹೇಳಿಲ್ಲ. ಹೊರಡುವಾಗ ನಮ್ಮ ಕಾರಿನ ಕಡೆ ನೋಡಿ "ಗಾಡಿ ಈಗ ಸರಿ ಐತೇನಪ್ಪ?" ಅಂತ ಕೇಳಿದರು. ಐತಜ್ಜ ಅಂದೆವು. "ಹಂಗಾರ ಮುಂದಿನ ಮೀಟಿಂಗಿಗೆ ಬರ್ರಿ" ಅಂದರು.