ಹೊಳಿಯ ಅಂಕಿ ಕಾಯುವ ಕೆಲಸ

ನಮ್ಮೂರು ಸತ್ತಿಯಲ್ಲಿ ಕೃಷ್ಣಾ ಹೊಳಿ ಏರುವುದು ಸತ್ತಿಯ ಮಳೆಗಲ್ಲ. ಮಹಾಬಳೇಶ್ವರ, ಕೊಯ್ನಾ ಕಡೆ ಸುರಿದದ್ದು ರಾಜಾಪುರ ಬ್ಯಾರೇಜು ದಾಟಿ, ಕಲ್ಲೋಳದ ಹತ್ತಿರ ದೂಧಗಂಗೆಯನ್ನೂ ಕೂಡಿಸಿಕೊಂಡು ಬರುತ್ತದೆ. ಇಲ್ಲಿ ಬಿಸಿಲು ಬಿದ್ದಾಗಲೂ ಕೃಷ್ಣೆ ಕಬ್ಬಿನ ಹೊಲಕ್ಕೆ ನುಗ್ಗಬಲ್ಲಳು. ಮುಗಿಲು ನೋಡಿದರೆ ತಿಳಿಯದು, ಅಂಕಿ ನೋಡಬೇಕು. ಆ ಅಂಕಿಗಳನ್ನು ಕಾಯುವ ಪ್ರೋಗ್ರಾಂ ಬರೆಯುವುದರಷ್ಟು ಖುಷಿ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಒಂದು ಟೇಬಲ್: ಜಾಗ, ಹೊತ್ತು, ಕ್ಯುಸೆಕ್. ಅಧಿಕಾರಿಗಳು ಪ್ರಕಟಿಸುವ ಅಂಕಿ ಅದರೊಳಗೆ ಬಿದ್ದ ಕ್ಷಣವೇ ಟ್ರಿಗರ್ ಎಂಬ ಪುಟ್ಟ ಪ್ರೋಗ್ರಾಂ ಏಳುತ್ತದೆ. ರಾಜಾಪುರದ ನೀರಿಗೆ ದೂಧಗಂಗೆಯದನ್ನು ಕೂಡಿಸುತ್ತದೆ. ಮೊತ್ತ ಗಡಿ ದಾಟಿದರೆ ದಂಡೆಯ ಹೊಲದವರ ಮೊಬೈಲಿಗೆ ಸುದ್ದಿ: ‘ಕಲ್ಲೋಳದಾಗ ನೀರ ಏರಾಕತ್ತೈತಿ, ಮೋಟಾರ ಮ್ಯಾಲ ತಗೀರಿ ಕಾಕಾ.’

ಇಷ್ಟನ್ನು ಯಾರು ಬೇಕಾದರೂ ಬರೆದಾರು. ಯಾವಾಗ ಸುಮ್ಮನಿರಬೇಕೆಂದು ಅದಕ್ಕೆ ಕಲಿಸುವುದರಲ್ಲಿ ಕಸುಬು ಇದೆ. ಗಡಿ ಒಂದು ಲಕ್ಷ ಕ್ಯುಸೆಕ್ ಅನ್ನಿ. ನೀರು ಅದರ ಆಚೀಚೆ ತೂಗಾಡುತ್ತಿದ್ದರೆ ತಾಸಿಗೊಂದು ಸಂದೇಶ ಹೋಗುತ್ತದೆ. ಮೂರನೆಯದಕ್ಕೆ ಜನ ಓದುವುದನ್ನೇ ಬಿಡುತ್ತಾರೆ. ಅದಕ್ಕೆ ಎರಡು ಗಡಿ ಇಡುತ್ತೇನೆ. ಒಂದು ಲಕ್ಷಕ್ಕೆ ಒಮ್ಮೆ ಕೂಗಬೇಕು. ಆಮೇಲೆ ತೊಂಬತ್ತು ಸಾವಿರಕ್ಕಿಂತ ಕೆಳಗಿಳಿದು ಮತ್ತೆ ಏರುವವರೆಗೆ ಆ ಮಾತು ಎತ್ತಬಾರದು. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಹಿಗ್ಗಿಸಿ ಕುಗ್ಗಿಸಿ ಹದ ಮಾಡುವಾಗ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಇನ್ನೂ ಸೊಗಸಾದ ತೊಡಕು ಒಂದಿದೆ. ಅಂಕಿಯೇ ಬರದಿದ್ದರೆ? ಸಾಲು ಬೀಳದೆ ಟ್ರಿಗರ್ ಏಳುವುದಿಲ್ಲ. ಮಹಾಪೂರದಲ್ಲಿ ಮೊದಲು ಕೈಕೊಡುವುದೇ ಕರೆಂಟು, ನೆಟ್‌ವರ್ಕ್. ಆಗಿನ ಮೌನವನ್ನು ‘ಎಲ್ಲ ಸುರಳೀತ’ ಎಂದು ತಿಳಿದರೆ ಅನಾಹುತ. ಅದಕ್ಕೆ ಗಡಿಯಾರ ನೋಡಿ ಓಡುವ ಇನ್ನೊಂದು ಪ್ರೋಗ್ರಾಂ ಬೇಕು. ಕೊನೆಯ ಅಂಕಿ ಬಂದು ಎಷ್ಟು ಹೊತ್ತಾಯಿತೆಂಬುದಷ್ಟೇ ಅದರ ಚಿಂತೆ. ನಾನು ಬರೆದದ್ದರಲ್ಲೆಲ್ಲ ನನಗೆ ಹೆಚ್ಚು ಪ್ರೀತಿ ಅದರ ಮೇಲೆ.

ಸರಕಾರವೂ ಸುಮ್ಮನೆ ಕೂತಿಲ್ಲ: ಕೇಂದ್ರ ಜಲ ಆಯೋಗ 2023ರಲ್ಲಿ ‘ಫ್ಲಡ್‌ವಾಚ್ ಇಂಡಿಯಾ’ ಎಂಬ ಪ್ರವಾಹ ಮುನ್ಸೂಚನೆಯ ಆ್ಯಪ್ ತಂದಿದೆ. ಊರು ಬಿಡುವ ಮಾತಿಗೆ ಸರಕಾರದ ಎಚ್ಚರಿಕೆಯೇ ಪ್ರಮಾಣ. ಆದರೆ ಯಾರ ಮೋಟಾರು ಎಷ್ಟು ಕೆಳಗಿದೆ, ಯಾರ ದನ ಯಾವ ದಂಡೆಯಲ್ಲಿವೆ ಎಂಬುದು ಊರಿನವರಿಗೇ ಗೊತ್ತು. 2019ರ ಆಗಸ್ಟ್‌ನ ಮಹಾಪೂರ ಕಂಡವರಿಗೆ ಈ ತಿಳಿವಳಿಕೆಯ ಬೆಲೆ ಬಿಡಿಸಿ ಹೇಳಬೇಕಿಲ್ಲ. ಖರ್ಚಿನ ಚಿಂತೆಯೂ ಬೇಡ: ಪೋಸ್ಟ್‌ಗ್ರೆಸ್‌ಗೆ ದುಡ್ಡು ಕೊಡಬೇಕಾಗಿಲ್ಲ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಹೊಳಿ ದಂಡೆಯ ಊರುಗಳಲ್ಲಿ ಕಂಪ್ಯೂಟರ್ ಕಲಿತ ಹುಡುಗ ಹುಡುಗಿಯರೇ, ನಿಮ್ಮ ಊರಿಗೂ ಇಂಥದೊಂದನ್ನು ಬರೆಯಿರಿ.