ದೊಡ್ಡ ಸಂಪಿಗೆ ನೋಡಿ ಬಂದ ಮೇಲೆ ಬದುವಿನ ಮಾವಿನ ಮರದ ಲೆಕ್ಕ

ಈಗ ನಮ್ಮ ಕಡೆ ಎಲ್ಲರೂ ಬ್ಯಾರನ್ನಿಗೆ ಸೌದೆ ಕೂಡಿಸೋ ಕಾಲ. ಮರದ ವ್ಯಾಪಾರದವರೂ ಹೊಲ ಹೊಲ ತಿರುಗ್ತಾ ಇದ್ದಾರೆ. ಅದಕ್ಕೇ ಇದನ್ನ ಈಗ ಬರೀತಾ ಇದ್ದೀನಿ. ಸ್ವಲ್ಪ ಉದ್ದ ಆಯ್ತು, ಬಿಡುವಾದಾಗ ಓದ್ಕೊಳ್ಳಿ.

ಹೋದ ದೀಪಾವಳಿ ಕಳೆದ ಮೇಲೆ ನಾವು ಆರು ಜನ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ವಿ. ರಾಮನಾಥಪುರ, ಕೆ.ಆರ್.ನಗರ, ಮೈಸೂರು, ಯಳಂದೂರು ಮೇಲೆ ದಾರಿ. ರಂಗನಾಥನ ದರ್ಶನ ಆಯ್ತು. ಅಲ್ಲಿವರೆಗೂ ಹೋಗಿ ದೊಡ್ಡ ಸಂಪಿಗೆ ನೋಡದೆ ಬರೋದಾ ಅಂತ ಒಬ್ಬರು ಹಠ ಹಿಡಿದ್ರು. ಅದು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಗಿರೋ ಕಾಡು, ಅನುಮತಿ ಇಲ್ಲದೆ ಒಳಗೆ ಬಿಡೋದಿಲ್ಲ. ಅನುಮತಿ ತಗೊಂಡು, ಜೀಪು ನಿಲ್ಲೋ ಕಡೆ ಇಳಿದು, ಸೋಲಿಗರ ಯಜಮಾನರೊಬ್ಬರ ಹಿಂದೆ ನಡೆದ್ವಿ.

ಏರು ಇಳಿವಿನ ದಾರಿ. ನನಗೆ ಮಂಡಿ ನೋವು, ಎರಡು ಕಡೆ ಕೂತೆ. ದಾರಿ ಮಧ್ಯೆ ಆನೆ ಲದ್ದಿ ಇನ್ನೂ ಹಸಿಯಾಗೇ ಬಿದ್ದಿತ್ತು, ಆಮೇಲೆ ಯಾರೂ ಮಾತಾಡಲಿಲ್ಲ. ಎರಡೂ ಕಡೆ ಲಂಟಾನ ಆಳೆತ್ತರ ಬೆಳೆದಿದೆ. ಮೊದಲು ವರ್ಷಕ್ಕೊಂದು ಸಲ ತರಗಿಗೆ ಸಣ್ಣ ಬೆಂಕಿ ಹಾಕ್ತಿದ್ವಿ, ಅದು ನಿಂತ ಮೇಲೆ ಈ ಪೊದೆ ಹೆಚ್ಚಾಯ್ತು ಅಂದ್ರು ಯಜಮಾನರು. ಅದೇ 2011ರಲ್ಲಿ ಆ ಸೋಲಿಗರಿಗೆ ಕಾಡಿನ ಸಮುದಾಯ ಹಕ್ಕು ಸಿಕ್ತು. ಹುಲಿ ಕಾಡೊಳಗೆ ಇಂಥ ಹಕ್ಕು ದೇಶದಲ್ಲಿ ಮೊದಲು ಸಿಕ್ಕಿದ್ದು ಅವರಿಗೇ.

ಭಾರ್ಗವಿ ಹೊಳೆ ಸದ್ದು ಕೇಳಿಸ್ತು, ಮರ ಕಾಣಿಸ್ತು. ಎತ್ತರ ನೂರಡಿ ಮೇಲೆ. ಬುಡ ಒಂದು ಮನೆ ಗೋಡೆ ಇದ್ದ ಹಾಗೆ ಇದೆ. ನಾವು ಆರು ಜನ ಕೈ ಕೈ ಹಿಡಿದು ನಿಂತಿದ್ರೂ ಅರ್ಧ ಸುತ್ತು ಬರ್ತಿತ್ತೋ ಇಲ್ಲವೋ. ಬುಡದಲ್ಲಿ ಸಾಲು ಸಾಲು ಲಿಂಗದ ಕಲ್ಲು. ಅವರಿಗೆ ಅದು ದೇವರೇ. ವಯಸ್ಸು ಆರುನೂರು ಅಂತ ಕೆಲವರು, ಎರಡು ಸಾವಿರ ಅಂತ ಕೆಲವರು ಹೇಳ್ತಾರೆ. ಆರುನೂರೇ ಅಂದ್ಕೊಂಡ್ರೂ ವಿಜಯನಗರದ ಕಾಲದ ಗಿಡ ಅದು.

ಚಪ್ಪಲಿ ಬಿಟ್ಟು ಕೈ ಮುಗಿದು ಕೂತಿದ್ವಿ. ಯಜಮಾನರು ಸುಮ್ಮನೆ ಒಂದು ಮಾತು ಕೇಳಿದ್ರು: "ನಿಮ್ಮೂರಲ್ಲಿ ಹಳೇ ಮರ ಯಾವುದದೆ?"

ಅರಳಿಕಟ್ಟೆ ಇದೆ ಅಂದ್ರು ಜೊತೆಯವರು. ನಾನು ಮಾತಾಡಲಿಲ್ಲ.

ನಮ್ಮ ಕೆಳಗಿನ ಹೊಲದ ಬದುವಲ್ಲಿ ನಮ್ಮ ತಾತನ ಕಾಲಕ್ಕೇ ದೊಡ್ಡದಾಗಿದ್ದ ಕಾಡುಮಾವಿನ ಮರ ಇತ್ತು. ಉಪ್ಪಿನಕಾಯಿಗೆ ಅದರ ಮಿಡಿ ಅಂದ್ರೆ ಸುತ್ತಮುತ್ತ ಹೆಸರು. ಮೂರು ವರ್ಷದ ಹಿಂದೆ ಸೌದೆ ಸಿಗಲಿಲ್ಲ, ಸಿಕ್ಕಿದ್ದಕ್ಕೆ ರೇಟು ಜಾಸ್ತಿ, ಸೊಪ್ಪು ಹೊಲದಲ್ಲಿ ಹಣ್ಣಾಗ್ತಾ ಇತ್ತು. ಕಡಿಸಿಬಿಟ್ಟೆ. ಒಂದೂವರೆ ಟ್ರಾಕ್ಟರ್ ಲೋಡ್ ಆಯ್ತು. ನಿಮಗೇ ಗೊತ್ತು, ಒಂದು ಕೆ.ಜಿ. ಸೊಪ್ಪು ಹದವಾಗೋಕೆ 4-5 ಕೆ.ಜಿ. ಸೌದೆ ಬೇಕು. ಮೂರು ತಲೆಮಾರಿನ ಮರ ಎರಡೇ ಬ್ಯಾರನ್ನಿಗೆ ಉರಿದು ಹೋಯ್ತು. ಅವ್ವ ಅವತ್ತು ಬೈಯಲೇ ಇಲ್ಲ. ಆ ವರ್ಷ ಉಪ್ಪಿನಕಾಯಿ ಜಾಡಿ ತೊಳೆದು ಬೋರಲು ಹಾಕಿದ್ಲು, ಅಷ್ಟೇ. ಆ ಜಾಡಿ ಇನ್ನೂ ಹಾಗೇ ಇದೆ.

ವಾಪಸ್ ಇಳಿಯೋವಾಗ ಇದೇ ಯೋಚನೆ. ಸಂಪಿಗೆ ಉಳಿದಿರೋದು ದೂರದ ಕಾಡಲ್ಲಿದೆ ಅಂತ ಅಲ್ಲ. ಅದಕ್ಕೆ ತಮ್ಮದು ಅನ್ನೋ ಜನ ಇದ್ದಾರೆ. ನಮ್ಮ ಅರಳಿಮರಕ್ಕೂ ಕಟ್ಟೆ ಇದೆ, ನಾಗರಕಲ್ಲು ಇದೆ, ಅದಕ್ಕೇ ಯಾರೂ ಮುಟ್ಟಲಿಲ್ಲ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪನ್ನ 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದ್ರು, ದೇಶಕ್ಕೇ ಅದು ಮೊದಲನೇದು. ಬದುವಿನ ಮರಕ್ಕೆ ಕಲ್ಲೂ ಇಲ್ಲ, ಕಾಗದವೂ ಇಲ್ಲ. ಅದಕ್ಕೆ ಇರೋನು ಹೊಲದೋನೊಬ್ಬನೇ. ಅವನೇ ಕೊಡಲಿ ಹಿಡಿದ್ರೆ ಕೇಳೋರು ಯಾರು?

ಹೊಗೆಸೊಪ್ಪು ಬಿಡಿ ಅಂತ ನಾನು ಹೇಳ್ತಿಲ್ಲ. ನಾನೇ ಬಿಟ್ಟಿಲ್ಲ, ಸಾಲ ಇದೆ. ಆದರೆ ಬಂದ ಮೇಲೆ ಮೂರು ಕೆಲಸ ಮಾಡಿದೀನಿ. ಬ್ಯಾರನ್ ಗೋಡೆ, ಬಾಗಿಲಿನ ಬಿರುಕು ಮುಚ್ಚಿಸಿದೆ, ಶಾಖ ಸೋರಿದ್ರೆ ಸೌದೆ ಸುಮ್ಮನೆ ಉರಿಯುತ್ತೆ. ಹಸಿ ಸೌದೆ ಹಾಕಬಾರದು ಅಂತ ಈಗಲೇ ಸೀಳಿಸಿ ಒಣಗೋಕೆ ಹಾಕಿದೀನಿ. ಮಳೆ ಹಿಡಿದ ತಕ್ಷಣ ಮೇಲಿನ ಬದುವಿಗೆ ಸರ್ವೆ, ಸಿಲ್ವರ್ ಓಕ್ ಇಡೋಕೆ ಗುಂಡಿ ತೆಗೆಸಿದೀನಿ. ಅವು ಉರಿಸೋಕೆ ಅಂತಲೇ ಬೆಳೆಸೋ ಮರ. ಉಳಿದ ಎರಡು ಹಳೇ ಮರ, ಒಂದು ಹಿಪ್ಪೆ, ಒಂದು ನೇರಳೆ, ಅವಕ್ಕೆ ಕೊಡಲಿ ಇಲ್ಲ ಅಂತ ಮಗನಿಗೂ ಹೇಳಿದೀನಿ.

ತಂಗಿ ಊರಲ್ಲಿ ನಮ್ಮ ಆ ಮಾವಿನ ವಾಟೆಯಿಂದಲೇ ಎದ್ದ ಒಂದು ಮರ ಇದೆ. ವಾಟೆ ಗಿಡ ತಾಯಿ ಮರದ ರುಚಿಯೇ ಕೊಡುತ್ತೆ ಅಂತ ಇಲ್ಲ, ಇದರ ಮಿಡಿ ಸ್ವಲ್ಪ ಹುಳಿ ಜಾಸ್ತಿ. ಆದರೂ ಕಡ್ಡಿ ತಂದು ಕಸಿ ಕಟ್ಟಿಸ್ತೀನಿ. ನಿಮಗೂ ಬೇಕಿದ್ರೆ ಹೇಳಿ, ಕಡ್ಡಿ ಕೊಡ್ತೀನಿ. ಅವ್ವನಿಗೆ ಎಂಬತ್ತು ದಾಟಿದೆ. ಕಾಯಿ ಬಿಡೋದು ಕಾಣ್ತಾಳೋ ಇಲ್ಲವೋ, ಗುಂಡಿ ಎಲ್ಲಿ ತೆಗೀಬೇಕು ಅಂತ ಮಾತ್ರ ಅವಳೇ ಬಂದು ತೋರಿಸಿದ್ದಾಳೆ.